ಕೊನೆಯ ಸಾಲಿನ ಕೊನೆಯ ಚೌಕ

ನಮ್ಮ ಶಾಲೆಯ ಹುಡುಗಿಯರು ಬೆನ್ನ ಹಿಂದೆ ನನ್ನನ್ನು 'ಆಸಿಡ್' ಅಂತ ಕರೆಯುತ್ತಾರೆ. ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ, ಪಾಪ. ಹತ್ತನೆಯ ತರಗತಿಗೆ ರಸಾಯನಶಾಸ್ತ್ರ ಹೇಳಿಕೊಡುವವಳಿಗೆ ಇದಕ್ಕಿಂತ ಒಳ್ಳೆಯ ಬಿರುದು ಇನ್ನೇನು ಬೇಕು? ಸಿಟ್ಟು ನನಗೆ ಯಾವಾಗಲೂ ಮೂಗಿನ ತುದಿಯಲ್ಲೇ. ಆದರೆ ಆ ಭಾನುವಾರ ಅಮ್ಮನ ಮನೆಯಲ್ಲಿ ಬಂದ ಸಿಟ್ಟು ಹೊಟ್ಟೆಯ ತಳದಿಂದ ಎದ್ದು ಬಂದದ್ದು.

ನಾನು ಹೋಗಿದ್ದು ಹೊದಿಕೆ ತರುವುದಕ್ಕೆ. ನನ್ನ ಮಗಳು ಪುಟ್ಟಿಗೆ ಜ್ವರ. ನಮ್ಮ ವಂಶದಲ್ಲಿ ಮಕ್ಕಳಿಗೆ ಜ್ವರ ಬಂದರೆ ಮಾತ್ರೆಗಿಂತ ಮೊದಲು ಬರುವುದು ಅಮ್ಮನ ತೇಪೆ ಹೊದಿಕೆ. ಅಮ್ಮ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಮನೆತನದಲ್ಲಿ ಯಾವ ಮಗು ಹುಟ್ಟಿದರೂ ಅದರ ಮೊದಲ ಅಂಗಿಯನ್ನು ಅಮ್ಮನೇ ಹೊಲಿಯಬೇಕು. ಉಳಿದ ಬಟ್ಟೆಯಲ್ಲಿ ಒಂದು ಚೌಕ ಕತ್ತರಿಸಿ ಹೊದಿಕೆಗೆ ಸೇರಿಸುತ್ತಾಳೆ. ಚೌಕದ ಮೇಲೆ ದಾರದಲ್ಲಿ ಮಗುವಿನ ಹೆಸರು. ಮೇಲಿನ ಸಾಲು ಅಮ್ಮ ಮತ್ತು ಅವಳ ಒಡಹುಟ್ಟಿದವರದ್ದು, ಅಜ್ಜಿಯ ಕೈಕೆಲಸ. ನಡುವಿನ ಸಾಲಿನಲ್ಲಿ ನಾನು, ನನ್ನ ತಂಗಿ, ದೊಡ್ಡಮ್ಮನ ಮಕ್ಕಳು. ಕೆಳಗಿನ ಸಾಲು ನಮ್ಮ ಮಕ್ಕಳದ್ದು. ಜ್ವರ ಬಂದ ಮಗು ಅದನ್ನು ಹೊದ್ದು ಮಲಗಿ, ಮೇಲಿನಿಂದ ಕೆಳಗಿನವರೆಗೆ ಹೆಸರುಗಳನ್ನು ಗಟ್ಟಿಯಾಗಿ ಓದಬೇಕು. ಓದಿ ಮುಗಿಸುವಷ್ಟರಲ್ಲಿ ನಿದ್ದೆ ಹತ್ತುತ್ತದೆ. ಓದಲು ಬಾರದ ಮಕ್ಕಳಿಗೆ ಯಾರಾದರೂ ಓದಿ ಹೇಳುತ್ತಾರೆ. ನಾನು ಅಕ್ಷರ ಕಲಿತದ್ದೇ ಹೀಗೆ.

ಹೊದಿಕೆ ಮಡಿಸುತ್ತಿದ್ದವಳು ಕೆಳಗಿನ ಸಾಲು ನೋಡಿ ನಿಂತುಬಿಟ್ಟೆ. ಕೊನೆಯಲ್ಲಿದ್ದ ಹಳದಿ ಚೌಕ ಇರಲಿಲ್ಲ. ಹೊಲಿಗೆ ಬಿಚ್ಚಿದ ಸಣ್ಣ ಸಣ್ಣ ತೂತುಗಳ ಸಾಲು ಮಾತ್ರ ಉಳಿದಿತ್ತು, ಒಳಗಿನ ಬಿಳಿ ಅಸ್ತರು ಕಾಣುತ್ತಿತ್ತು.

ಆ ಹಳದಿ ಚೌಕ ನನ್ನ ತಂಗಿಯ ಮಗುವಿನದ್ದು. ತಂಗಿಗೆ ರೈಲು ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೆಲಸ. ಮದುವೆಯಾಗಿ ವರ್ಷಗಳಾದ ಮೇಲೆ ಬಸುರಿಯಾದಳು. ಅಮ್ಮನಿಗೆ ಎಷ್ಟು ಖುಷಿಯೆಂದರೆ ತನ್ನ ಕಟ್ಟಳೆಯನ್ನೇ ಮುರಿದಳು. ಬಸುರಿಯರು ಅಂಗಡಿಗೆ ಬಂದು ಕೂಸಿನ ಅಂಗಿ ಹೊಲಿದುಕೊಡಿ ಅಂದರೆ ಅಮ್ಮ ಸುತಾರಾಂ ಒಪ್ಪುತ್ತಿರಲಿಲ್ಲ. "ಕೂಸು ಬರ್ಲಿ, ಮುಖ ನೋಡಿ ಕತ್ತರಿ ಎತ್ತೋಣ" ಅನ್ನುತ್ತಿದ್ದಳು. ಅಂಥವಳು ತಂಗಿಗೆ ಏಳು ತುಂಬುತ್ತಿದ್ದಂತೆ ಹಳದಿ ಬಟ್ಟೆ ತಂದು ಅಂಗಿ ಹೊಲಿದೇ ಬಿಟ್ಟಳು. ಚೌಕವನ್ನೂ ಸೇರಿಸಿ, ಹೆಸರಿನ ಜಾಗ ಖಾಲಿ ಬಿಟ್ಟಳು. "ಅಮ್ಮನಿಗೆ ಅರಳುಮರುಳು ಶುರುವಾಯ್ತು" ಅಂತ ನಾವಿಬ್ಬರೂ ಬಿದ್ದು ಬಿದ್ದು ನಕ್ಕಿದ್ದೆವು.

ಮಗು ಹುಟ್ಟಿತು. ಹೆಣ್ಣು. ಒಂದು ಮಧ್ಯಾಹ್ನ ಬದುಕಿತು. ಸಂಜೆ ದೀಪ ಹಾಕುವ ಹೊತ್ತಿಗೆ ಇರಲಿಲ್ಲ. ಹೃದಯದ ಗೋಡೆಗಳು ಸರಿಯಾಗಿ ಕೂಡಿಕೊಂಡಿರಲಿಲ್ಲವಂತೆ. ಮಣಿಕಟ್ಟಿಗೆ ಸುತ್ತಿದ್ದ ಪಟ್ಟಿಯಲ್ಲಿ ಹೆಸರಿನ ಜಾಗದಲ್ಲಿ ಹಾಸಿಗೆಯ ನಂಬರು, ಅದರ ಮುಂದೆ 'ಹೆಣ್ಣು ಕೂಸು' ಅಂತಿತ್ತು, ಅಷ್ಟೇ.

ತೀರ್ಪು ಕೊಟ್ಟದ್ದು ದೊಡ್ಡಮ್ಮ. ಅಮ್ಮನ ಅಕ್ಕ, ಮನೆತನದಲ್ಲಿ ಯಾವ ವಿಷಯಕ್ಕೂ ಅವಳದ್ದೇ ಕೊನೆಯ ಮಾತು. "ಹುಟ್ಲೇ ಇಲ್ಲ ಅಂದ್ಕೊಳ್ಳಿ. ಹೆಸರು ಗಿಸರು ಅಂತ ಹಚ್ಕೊಂಡ್ರೆ ಆ ಹುಡುಗಿ ಮೇಲಕ್ಕೇಳಲ್ಲ. ವಯಸ್ಸಿದೆ, ಇನ್ನೊಂದಾಗತ್ತೆ. ಯಾರೂ ಈ ಮಾತು ಎತ್ಕೂಡದು." ಎಲ್ಲರೂ ತಲೆಯಾಡಿಸಿದರು. ಯಾರೂ ಎತ್ತಲಿಲ್ಲ. ತಂಗಿ ಅಮ್ಮನ ಮನೆಯ ಹಿಂದಿನ ಕೋಣೆ ಸೇರಿದಳು. ಇದಾಗಿ ಇನ್ನೂ ತಿಂಗಳು ತುಂಬಿರಲಿಲ್ಲ.

"ಅಮ್ಮಾ, ಇಲ್ಲಿದ್ದ ಹಳದಿ ಚೌಕ ಎಲ್ಲಿ?"

"ಬಿಚ್ಚಿದೆ." ಅಮ್ಮ ತಲೆ ಎತ್ತಲಿಲ್ಲ. ಯಾರದ್ದೋ ಪ್ಯಾಂಟಿನ ಕಾಲು ಮಡಿಸುತ್ತಿದ್ದಳು.

"ಬಿಚ್ಚಿದೆ ಅಂದ್ರೆ? ಯಾರನ್ನ ಕೇಳಿ ಬಿಚ್ಚಿದೆ?"

"ಮೆಲ್ಲಗೆ ಮಾತಾಡು. ಅವಳು ಒಳಗಿದ್ದಾಳೆ."

"ಇರ್ಲಿ. ಕೇಳಿಸ್ಲಿ. ಹೊದಿಕೆಯಿಂದ ಕಿತ್ತು ಹಾಕೋಕೆ ಅದೇನು ಹರಕು ಬಟ್ಟೆಯೇನಮ್ಮಾ?"

"ಮಕ್ಕಳು ಹೊದ್ಕೊಳ್ಳೋದು ಅದು. ಹೆಸರಿಲ್ಲದ್ದನ್ನ ಇಟ್ಕೊಂಡು ಏನ್ಮಾಡ್ಲಿ? ಸುಮ್ನೆ ಬಾಯ್ಮುಚ್ಕೊಂಡು ಹೋಗು, ಮಗಳಿಗೆ ಜ್ವರ ಅಂತೀಯ."

ಹಿಂದಿನ ಕೋಣೆಯ ಬಾಗಿಲಲ್ಲಿ ತಂಗಿ ನಿಂತಿದ್ದಳು. ಯಾವಾಗ ಬಂದಳೋ. ಅಂಗಿಯ ಎದೆಭಾಗ ಎರಡೂ ಕಡೆ ಒದ್ದೆಯಾಗಿತ್ತು. ಕುಡಿಯುವ ಬಾಯಿ ಇಲ್ಲದಿದ್ದರೂ ಹಾಲು ನಿಂತಿರಲಿಲ್ಲ. ನನ್ನ ಕೈಯಲ್ಲಿದ್ದ ಹೊದಿಕೆಯನ್ನು ನೋಡಿದಳು, ಕೆಳಗಿನ ಮೂಲೆಯ ಬಿಳಿ ಅಸ್ತರನ್ನು ನೋಡಿದಳು. ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಅವತ್ತು ಊಟಕ್ಕೆ ಕರೆದರೂ ತೆಗೆಯಲಿಲ್ಲ, ಗಂಡ ಬಂದು ಕರೆದರೂ ತೆಗೆಯಲಿಲ್ಲ. ಲಿಫ್ಟ್ ರಿಪೇರಿ ಮಾಡುವ ಆ ಮನುಷ್ಯ ಮೊದಲೇ ಮಾತು ಕಡಿಮೆ. ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತುಬಿಟ್ಟ. ನಾನು ಹೊದಿಕೆಯನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ.

ಸೋಮವಾರ ಹತ್ತನೆಯ ತರಗತಿ. ಮೈಯೆಲ್ಲ ಉರಿಯುತ್ತಿತ್ತು. ಪಾಠ ಆವರ್ತ ಕೋಷ್ಟಕ. ನಮ್ಮ ಶಾಲೆಯ ಗೋಡೆಯ ಮೇಲಿರುವ ಕೋಷ್ಟಕ ಓಬೀರಾಯನ ಕಾಲದ್ದು. ಅಂಚು ಹರಿದಿದೆ, ಮೂಲೆಗೆ ಟೇಪು ಅಂಟಿಸಿದೆ. ಕೊನೆಯ ಸಾಲಿನ ಕೊನೆಯ ಚೌಕದಲ್ಲಿ ನೂರ ಹದಿನೆಂಟು ಅನ್ನುವ ಅಂಕಿ, ಅದರ ಕೆಳಗೆ ಹೆಸರಿನ ಜಾಗದಲ್ಲಿ 'ಉನ್‌ಉನ್‌ಆಕ್ಟಿಯಂ'.

"ಮಿಸ್, ಇದೆಂಥ ಹೆಸರು ಮಿಸ್?" ಎದ್ದು ನಿಂತದ್ದು 'ಪ್ರಶ್ನೆಪತ್ರಿಕೆ'. ಎಲ್ಲದಕ್ಕೂ ಪ್ರಶ್ನೆ ಕೇಳುವ ಉದ್ದ ಜಡೆಯ ಹುಡುಗಿಗೆ ತರಗತಿಯವರೇ ಇಟ್ಟ ಹೆಸರು.

"ಹೆಸರಲ್ಲ ಅದು. ಒಂದು-ಒಂದು-ಎಂಟು ಅಂತ ಅಂಕಿಗಳನ್ನ ಹಳೇ ಭಾಷೆಗಳಲ್ಲಿ ಓದಿದ್ದಾರೆ, ಅಷ್ಟೇ. ಸರಿಯಾದ ಹೆಸರು ಇಡೋವರೆಗೆ ಅಂಟಿಸಿದ ಚೀಟಿ." ಹೇಳುತ್ತಿದ್ದಂತೆ ಆಸ್ಪತ್ರೆಯ ಆ ಪಟ್ಟಿ ಕಣ್ಣ ಮುಂದೆ ಬಂತು. ನಾನು ಸೀಮೆಸುಣ್ಣ ತೆಗೆದುಕೊಂಡು ಮೂಲೆಗೆ ಹೋಗಿ ನೆಲದ ಮೇಲೆ ಒಂದು ಸಣ್ಣ ವೃತ್ತ ಎಳೆದೆ.

"ಬನ್ನಿ. ಇದು ಪರಮಾಣುವಿನ ನಡುವಿನ ಬೀಜ. ಒಬ್ಬೊಬ್ಬರೂ ಒಂದೊಂದು ಪ್ರೋಟಾನ್. ಎಲ್ಲರಿಗೂ ಪಾಸಿಟಿವ್ ಚಾರ್ಜು, ಅಂದ್ರೆ ಒಬ್ಬರನ್ನ ಕಂಡ್ರೆ ಒಬ್ಬರಿಗಾಗಲ್ಲ. ಬೆನ್ನಿಂದ ತಳ್ಳಾಡಿ. ಆದ್ರೆ ಪಕ್ಕದವಳ ಕೈ ಮಾತ್ರ ಬಿಡಬಾರ್ದು. ಆ ಹಿಡಿತ ಭಾರೀ ಗಟ್ಟಿ, ಆದ್ರೆ ಪಕ್ಕದವಳಿಗಷ್ಟೇ ಎಟುಕತ್ತೆ. ತಳ್ಳೋದು ಮಾತ್ರ ಈ ಕೊನೆಯಿಂದ ಆ ಕೊನೆಗೂ ಮುಟ್ಟತ್ತೆ."

ನಾಲ್ಕು ಜನ ನಿಂತಾಗ ಆರಾಮ. ಎಂಟು ಜನಕ್ಕೆ ಇಕ್ಕಟ್ಟು. ಅಲ್ಲಲ್ಲಿ ನ್ಯೂಟ್ರಾನ್ ಅಂತ ಒಂದಿಷ್ಟು ಸೌಮ್ಯ ಹುಡುಗಿಯರನ್ನು ತುರುಕಿದೆ. ಅವರು ಯಾರನ್ನೂ ತಳ್ಳುವುದಿಲ್ಲ, ಕೈ ಮಾತ್ರ ಹಿಡಿಯುತ್ತಾರೆ, ಸಂಸಾರ ತೂಗಿಸುವವರು. ಇನ್ನೂ ನಾಲ್ಕು ಜನ ನುಗ್ಗಿದ್ದೇ ತಡ, ಕಿರುಚಾಟ, ನಗು. ಕೈಕೈ ಹಿಡಿದಿದ್ದ ನಾಲ್ವರು ಒಟ್ಟಿಗೇ ವೃತ್ತದ ಹೊರಗೆ ಬಿದ್ದರು.

"ಇದೇ ವಿಕಿರಣ! ಎರಡು ಪ್ರೋಟಾನ್ ಎರಡು ನ್ಯೂಟ್ರಾನ್ ಒಂದು ಗುಂಪಾಗಿ ಹೊರಗೆ ಹೋದ್ವು, ಅದು ಆಲ್ಫಾ ಕಣ. ಈಗ ಯೋಚಿಸಿ, ನೂರ ಹದಿನೆಂಟು ಪ್ರೋಟಾನ್ ಒಂದೇ ಕೋಣೇಲಿ! ಎಷ್ಟು ಹೊತ್ತು ಒಟ್ಟಿಗಿರ್ತವೆ? ಒಂದು ಸೆಕೆಂಡನ್ನ ಸಾವಿರ ತುಂಡು ಮಾಡಿ, ಅದ್ರಲ್ಲಿ ಒಂದು ತುಂಡಿಗಿಂತಲೂ ಕಡಿಮೆ."

"ಹಾಗಿದ್ರೆ ಅದು ಸಿಗೋದೆಲ್ಲಿ ಮಿಸ್?"

"ಎಲ್ಲೂ ಸಿಗಲ್ಲ. ಭೂಮಿ ಅಗೆದರೂ ಇಲ್ಲ. ಮನುಷ್ಯರು ಪಣತೊಟ್ಟು ಮಾಡಬೇಕು." ನನ್ನ ಸಿಟ್ಟು ಮೆಲ್ಲಗೆ ಪಾಠಕ್ಕೆ ಇಳಿಯುತ್ತಿತ್ತು. "ಕ್ಯಾಲ್ಸಿಯಂ ಗೊತ್ತಲ್ಲ, ಮೂಳೇಲಿರೋದು, ಇಪ್ಪತ್ತು ಪ್ರೋಟಾನ್. ಕ್ಯಾಲಿಫೋರ್ನಿಯಂ ಅಂತ ಇನ್ನೊಂದು, ತೊಂಬತ್ತೆಂಟು ಪ್ರೋಟಾನ್, ಅದನ್ನೂ ಮನುಷ್ಯರೇ ಮಾಡಿದ್ದು. ಕೂಡಿಸಿ."

"ನೂರ ಹದಿನೆಂಟು!"

"ಹಾಂ. ಕ್ಯಾಲಿಫೋರ್ನಿಯಂ ಬಳಿದ ತೆಳ್ಳನೆ ಹಾಳೆಗೆ ಕ್ಯಾಲ್ಸಿಯಂನ ಗುಂಡಿನ ಹಾಗೆ ಹೊಡೀತಾರೆ. ನಿಧಾನಕ್ಕೆ ಹೊಡೆದ್ರೆ ಪುಟಿದು ಹೋಗತ್ತೆ, ಜೋರಾಗಿ ಹೊಡೆದ್ರೆ ಒಡೆದು ಚೂರಾಗತ್ತೆ. ಹದವಾಗಿ, ತಿಂಗಳುಗಟ್ಟಲೆ, ಲೆಕ್ಕವಿಲ್ಲದಷ್ಟು ಗುಂಡು. ಎಲ್ಲ ದಂಡ. ಎಲ್ಲೋ ಒಂದು ಸಲ ಎರಡೂ ಕೂಡಿಕೊಂಡು ಒಂದು ಪರಮಾಣು ಹುಟ್ಟತ್ತೆ. ಈವರೆಗೆ ಹುಟ್ಟಿರೋದನ್ನ ಬೆರಳಲ್ಲಿ ಎಣಿಸಬಹುದು."

"ಅಷ್ಟು ಬೇಗ ಹೋಗೋದನ್ನ ನೋಡೋದು ಹೇಗೆ ಮಿಸ್?"

"ಯಾರೂ ನೋಡಿಲ್ಲ. ಅದು ಹೋಗುವಾಗ ಒಂದು ಆಲ್ಫಾ ಬಿಟ್ಟು ನೂರ ಹದಿನಾರನೆಯದಾಗತ್ತೆ. ಅದೂ ಒಂದು ಬಿಟ್ಟು ನೂರ ಹದಿನಾಲ್ಕು. ಆಮೇಲೆ ನೂರ ಹನ್ನೆರಡು. ಅದು ಎರಡು ಹೋಳಾಗತ್ತೆ. ಇವನ್ನ ಮಗಳು ಬೀಜಗಳು ಅಂತಾರೆ. ಒಂದೇ ಜಾಗದಲ್ಲಿ ಒಂದರ ಹಿಂದೊಂದು ಬಿದ್ದ ಈ ಗುರುತುಗಳನ್ನ ಹಿಡಿದು, ಓಹೋ, ಇಲ್ಲಿ ನೂರ ಹದಿನೆಂಟು ಇತ್ತು ಅಂತ ಗೊತ್ತು ಮಾಡ್ಕೊಂಡ್ರು. ಬಿಟ್ಟು ಹೋದದ್ದರಿಂದ ಇದ್ದದ್ದು ಗೊತ್ತಾಗೋದು."

ಬಾಗಿಲಲ್ಲಿ ಹೆಡ್‌ಮಾಸ್ಟರ್ ಇಣುಕಿದರು. ಗಲಾಟೆ ಕೇಳಿ ಬಂದಿರಬೇಕು.

"ಮೇಡಂ, ಕೊನೆ ಸಾಲು ಪರೀಕ್ಷೆಗಿಲ್ಲ ಅಲ್ವಾ?"

"ಇಲ್ಲ ಸಾರ್. ಪರೀಕ್ಷೆಗಿಲ್ಲ. ಲೋಕದಲ್ಲಿದೆ."

ಅವರು ನನ್ನ ಮುಖ ನೋಡಿ ಹೊರಟು ಹೋದರು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಸಿಡ್ ಇವತ್ತು ಭಾರೀ ಗಾಢವಾಗಿದೆ ಅಂತ ಅಂದುಕೊಂಡಿರಬೇಕು.

ಪ್ರಶ್ನೆಪತ್ರಿಕೆ ಕೂತಿರಲಿಲ್ಲ. "ಮಿಸ್, ಬೈಬೇಡಿ. ಅದು ಒಂದು ಸೆಕೆಂಡೂ ಬದುಕಲ್ಲ. ಮುಟ್ಟೋಕಾಗಲ್ಲ, ನೋಡೋಕಾಗಲ್ಲ, ಯಾತಕ್ಕೂ ಉಪಯೋಗ ಇಲ್ಲ. ಅದಕ್ಯಾಕೆ ಮಿಸ್ ಒಂದು ಇಡೀ ಚೌಕ? ಹೈಡ್ರೋಜನ್‌ಗೂ ಅಷ್ಟೇ ದೊಡ್ಡದು, ಚಿನ್ನಕ್ಕೂ ಅಷ್ಟೇ ದೊಡ್ಡದು, ಇದಕ್ಕೂ ಅಷ್ಟೇ ದೊಡ್ಡದಾ? ಖಾಲಿ ಬಿಟ್ರೆ ಏನಾಗತ್ತೆ?"

ಮಗು ಕೇಳಿದ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಆದರೂ ನನಗೆ ಕೆನ್ನೆಗೆ ಹೊಡೆದ ಹಾಗಾಯಿತು.

"ಖಾಲಿ ಬಿಟ್ರೆ ಕೋಷ್ಟಕ ಸುಳ್ಳಾಗತ್ತೆ" ಅಂದೆ. ನನ್ನ ದನಿ ನನಗೇ ಜೋರಾಗಿ ಕೇಳಿತು. "ಎಷ್ಟು ಹೊತ್ತು ಇತ್ತು ಅಂತ ನೋಡಿ ಚೌಕದ ಅಳತೆ ಕೊಡಲ್ಲ ಇಲ್ಲಿ. ಒಂದೇ ಒಂದು ಷರತ್ತಿದೆ. ಬರೀ ಬೀಜ ತನ್ನ ಸುತ್ತ ಎಲೆಕ್ಟ್ರಾನುಗಳನ್ನ ಎಳೆದು ಹೊದ್ದುಕೊಳ್ಳೋವಷ್ಟು ಹೊತ್ತಾದ್ರೂ ಇರಬೇಕು. ಅಷ್ಟು ಹೊತ್ತಿದ್ರೆ ಮುಗೀತು, ಅದು ಧಾತು. ಅದಕ್ಕೊಂದು ಅಂಕಿ, ಒಂದು ಚೌಕ, ಒಂದು ಹೆಸರು. ಯಾರಪ್ಪನ ಮನೆಯ ಅಪ್ಪಣೆಯೂ ಬೇಡ. ಹೆಸರು ಬರೋಕೆ ಹತ್ತು ವರ್ಷಕ್ಕೂ ಮೇಲೆ ಹಿಡೀತು, ಪರೀಕ್ಷೆ ಮಾಡಿದ್ರು, ಜಗಳ ಆಡಿದ್ರು, ಆದ್ರೂ ಕೊಟ್ರು. ಒಗನೆಸಾನ್ ಅಂತ. ಇದ್ದಿದ್ದನ್ನ ಇತ್ತು ಅಂತ ಹೇಳೋಕೆ ಉಪಯೋಗ ಬೇರೆ ಬೇಕೇನೇ?"

ನಾನು ಅಳುತ್ತಿದ್ದೆ ಅಂತ ಆಮೇಲೆ ಗೊತ್ತಾಯಿತು. ಕೆನ್ನೆಯ ಮೇಲೆ ಸೀಮೆಸುಣ್ಣದ ಕೈಯಾಡಿಸಿ ಇನ್ನಷ್ಟು ಗಲೀಜು ಮಾಡಿಕೊಂಡಿದ್ದೆ. ಪ್ರಶ್ನೆಪತ್ರಿಕೆ ಬೆಂಚು ಹತ್ತಿ, ಬಿಳಿ ಕಾಗದದ ಚೂರಿನ ಮೇಲೆ ಹೊಸ ಹೆಸರನ್ನು ಬರೆದು, ಹಳೆಯ ಚೀಟಿ ಹೆಸರಿನ ಮೇಲೆ ನೀಟಾಗಿ ಅಂಟಿಸಿದಳು. ಯಾರೂ ಅವಳಿಗೆ ಹೇಳಿರಲಿಲ್ಲ.

ಶಾಲೆ ಬಿಟ್ಟವಳು ಮನೆಗೆ ಹೋಗದೆ ಅಮ್ಮನ ಅಂಗಡಿಗೆ ಹೋದೆ. ಅಮ್ಮ ಬ್ಯಾಂಕಿನ ಹೆಂಗಸೊಬ್ಬಳಿಗೆ ಕೋಟಿನ ಅಳತೆ ಸರಿಮಾಡುತ್ತಿದ್ದಳು. ಬಾಯಲ್ಲಿ ಅರ್ಧ ಡಜನ್ ಗುಂಡುಪಿನ್ನು. ಒಳ್ಳೆಯದೇ ಆಯಿತು. ಅಮ್ಮನ ಬಾಯಿ ಕಟ್ಟಿದ ಇಂಥ ಅವಕಾಶ ಜನ್ಮಕ್ಕೊಮ್ಮೆ ಸಿಗುವುದು.

"ಅಮ್ಮಾ, ಈಗ ನಾನು ಹೇಳ್ತೀನಿ, ನೀನು ಕೇಳು. ಲೋಕದಲ್ಲಿ ಒಂದು ವಸ್ತು ಇದೆ. ಎಲ್ಲಕ್ಕಿಂತ ಭಾರ. ತುಂಬ ಜನ ಸೇರಿ ವರ್ಷಗಟ್ಟಲೆ ಹೆಣಗಾಡಿ ಮಾಡಿದ್ದು. ಎರಡು ಬಟ್ಟೆ ಕೂಡಿಸಿ ಹೊಲಿಯೋ ಹಾಗೆ ಎರಡು ಪರಮಾಣು ಕೂಡಿಸ್ತಾರೆ. ಹೊಲಿಗೆ ಹಾಕಿದ ತಕ್ಷಣ ಬಿಚ್ಚಿ ಹೋಗತ್ತೆ. ಕಣ್ಣು ಮಿಟುಕಿಸೋಕೂ ಟೈಮಿಲ್ಲ. ಆದ್ರೂ ಅದಕ್ಕೆ ಹೆಸರಿಟ್ಟಿದ್ದಾರೆ. ಲೋಕದಲ್ಲಿರೋ ಎಲ್ಲ ಶಾಲೆ ಗೋಡೆ ಮೇಲೂ ಅದಕ್ಕೊಂದು ಚೌಕ ಇದೆ. ನಮ್ಮ ಕೂಸು ಒಂದು ಇಡೀ ಮಧ್ಯಾಹ್ನ ಇತ್ತು. ನಾನು ಎತ್ಕೊಂಡಿದ್ದೆ. ನೀನು ಎತ್ಕೊಂಡಿದ್ದೆ. ನಿನ್ನ ಬೆರಳು ಹಿಡ್ಕೊಂಡಿತ್ತು. ಅದಕ್ಕೊಂದು ಅಂಗೈಯಗಲ ಬಟ್ಟೆ ಕೊಡೋಕೆ ನಿನಗೆ ಕೈ ಬರ್ಲಿಲ್ವಾ?"

ಅಮ್ಮ ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಕೋಟಿಗೆ ಚುಚ್ಚಿದಳು. ಅವಸರ ಮಾಡಲಿಲ್ಲ. ಬ್ಯಾಂಕಿನವಳು ಮೆಲ್ಲಗೆ ಜಾರಿಕೊಳ್ಳಲು ನೋಡಿದಳು. "ಅಲ್ಲಾಡ್ಬೇಡಿ, ಚುಚ್ಚತ್ತೆ" ಅಂದಳು ಅಮ್ಮ. ಆಮೇಲೆ ನನ್ನ ಕಡೆ ತಿರುಗಿದಳು.

"ನಿನ್ನ ಆ ವಸ್ತುವಿಗೆ ಹೆತ್ತವ್ರಿಲ್ಲ. ಗೋಡೆ ಮೇಲೆ ಬರೆದು ಮನೆಗೆ ಹೋಗಿ ಊಟ ಮಾಡ್ತಾರೆ. ನಾನು ಹೆಸರು ಹೊಲಿದ್ರೆ ದಿನಾ ನಿನ್ನ ತಂಗಿ ಕಣ್ಣಿಗೆ ಬೀಳತ್ತೆ. ದಿನಾ ಸಾಯ್ಬೇಕಾ ಅವಳು?"

"ಈಗ ಬದುಕಿದ್ದಾಳಾ? ಚಿಲಕ ಹಾಕ್ಕೊಂಡು ಕೂತಿದ್ದಾಳಲ್ಲ, ಅದು ಬದುಕಾ? ಹೆಸರಿಲ್ಲ, ಹುಟ್ಲೇ ಇಲ್ಲ ಅಂತೀರಲ್ಲ, ಹಾಗಾದ್ರೆ ಆ ಹಾಲು ಯಾರಿಗೆ ಬರ್ತಿದೆಯಮ್ಮಾ? ಸುಮ್ಸುಮ್ನೆ ಬರ್ತಿದೆಯಾ?"

ಅಮ್ಮ ಕೂತುಬಿಟ್ಟಳು, ಯಾರದ್ದೋ ಇಸ್ತ್ರಿ ಮಾಡಿದ ಬಟ್ಟೆಗಳ ಮೇಲೆಯೇ. ಅಂಥ ತಪ್ಪನ್ನು ಅವಳು ಎಂದೂ ಮಾಡಿದವಳಲ್ಲ.

"ನಾನು ಕತ್ತರಿ ಎತ್ತಬಾರದಿತ್ತು" ಅಂದಳು.

"ಏನು?"

"ಹುಟ್ಟೋಕೆ ಮುಂಚೆ ಕತ್ತರಿ ಎತ್ತಬಾರದು. ನನ್ನಮ್ಮ ಹೇಳಿಕೊಟ್ಟಿದ್ದು. ಯಾರಿಗೂ ಹಾಗೆ ಮಾಡ್ಲಿಲ್ಲ ನಾನು. ಊರೋರ ಮಕ್ಕಳಿಗೆಲ್ಲ ಕಾದೆ, ನನ್ನ ಮೊಮ್ಮಗಳಿಗೆ ಕಾಯೋಕಾಗ್ಲಿಲ್ಲ. ಬಟ್ಟೆ ಕತ್ತರಿಸಿದೆ. ಆ ಚೌಕ ನೋಡಿದಾಗೆಲ್ಲ ಕತ್ತರಿ ಸದ್ದು ಕೇಳತ್ತೆ. ಅವಳ ಕಣ್ಣಿಗೆ ಬೀಳ್ಬಾರ್ದು ಅಂತ ಬಿಚ್ಚಲಿಲ್ಲ ಕಣೇ. ನನ್ನ ಕಣ್ಣಿಗೆ ಬೀಳ್ಬಾರ್ದು ಅಂತ."

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಈ ಹೆಂಗಸು ಇಷ್ಟು ದಿನ ಇದನ್ನು ನುಂಗಿಕೊಂಡು ಪ್ಯಾಂಟಿನ ಕಾಲು ಮಡಿಸುತ್ತಾ ಕೂತಿದ್ದಳೇ? ಆದರೆ ಸುಮ್ಮನಿರುವ ಜಾತಿಯೇ ನಾನು?

"ನಿನ್ನ ಕತ್ತರಿಗೆ ಅಷ್ಟು ತಾಕತ್ತಿದ್ದಿದ್ರೆ ನಮ್ಮ ಹೆಡ್‌ಮಾಸ್ಟರಿಗೆ ಒಂದು ಸೂಟು ಕತ್ತರಿಸಿ ಕೊಡು ಅಂತ ಯಾವತ್ತೋ ಕೇಳ್ತಿದ್ದೆ" ಅಂದೆ. ಬ್ಯಾಂಕಿನವಳು ಪಿನ್ನುಗಳ ನಡುವೆಯೇ ಕಿಸಕ್ಕನೆ ನಕ್ಕಳು. "ಹೃದಯ ಕೂಡಿಕೊಂಡಿರಲಿಲ್ಲ ಅಂತ ಡಾಕ್ಟರು ಹೇಳಿದ್ದನ್ನ ನೀನೂ ಕೇಳಿದ್ದೀಯ. ಅದು ಹೊಟ್ಟೆಯಲ್ಲಿ ಎರಡು ತಿಂಗಳಾಗೋ ಹೊತ್ತಿಗೇ ಆದದ್ದು. ನೀನು ಆಗಿನ್ನೂ ಬಟ್ಟೆ ಅಂಗಡಿ ಮೆಟ್ಟಿಲೂ ಹತ್ತಿರಲಿಲ್ಲ. ಕತ್ತರಿ ಅಂತೆ, ಕತ್ತರಿ! ಇನ್ನೊಂದ್ಸಲ ಆ ಮಾತು ಆಡಿದ್ರೆ ಅದನ್ನ ತಗೊಂಡು ಹೋಗಿ ನಿಜವಾದ ಆಸಿಡ್‌ಗೆ ಹಾಕ್ತೀನಿ ನೋಡು."

ಅಮ್ಮ ಮೂಗು ಒರೆಸಿಕೊಂಡಳು. ಎದ್ದು ದಾರ ಸುತ್ತುವ ಬಾಬಿನ್‌ಗಳನ್ನು ಇಡುವ ತಗಡಿನ ಡಬ್ಬಿ ತೆರೆದಳು. ಬಾಬಿನ್‌ಗಳ ಅಡಿಯಲ್ಲಿ ಹಳದಿ ಚೌಕ ನಾಲ್ಕು ಮಡಿಕೆಯಾಗಿ ಕೂತಿತ್ತು. ಎಸೆದಿರಲಿಲ್ಲ. ಎಸೆಯಲು ಅವಳಿಂದಲೂ ಆಗಿರಲಿಲ್ಲ.

ಸಂಜೆ ಹಿಂದಿನ ಕೋಣೆಯ ಮುಂದೆ ನಾವು ಮೂವರು. ತಂಗಿಯ ಗಂಡ ಎಂದಿನಂತೆ ಕುರ್ಚಿಯಲ್ಲಿ. ಅಮ್ಮ ನೆಲದ ಮೇಲೆ ಕೂತು ಹೊದಿಕೆಯನ್ನು ತೊಡೆಯ ಮೇಲೆ ಹರಡಿಕೊಂಡಿದ್ದಳು. ನಾನು ಬಾಗಿಲು ಬಡಿದೆ. ಸದ್ದಿಲ್ಲ. "ತೆಗೆಯೇ, ಇಲ್ದಿದ್ರೆ ಮುರೀತೀನಿ" ಅಂದೆ. ಸದ್ದಿಲ್ಲ. ಮುರಿಯುವ ಭುಜ ನನ್ನದಲ್ಲ ಅಂತ ಅವಳಿಗೆ ಚೆನ್ನಾಗಿ ಗೊತ್ತು.

ಅಮ್ಮ ನನ್ನನ್ನು ಪಕ್ಕಕ್ಕೆ ಸರಿ ಅಂದಳು. ಬಾಗಿಲಿಗೆ ಬಾಯಿಟ್ಟು, ಅಂಗಡಿಯಲ್ಲಿ ಗಿರಾಕಿಯನ್ನು ಕೇಳುವ ದನಿಯಲ್ಲೇ ಕೇಳಿದಳು. "ಮಗಾ, ಸೂಜಿಗೆ ದಾರ ಪೋಣಿಸಿ ಕೂತಿದ್ದೀನಿ. ಹೆಸರೇನು ಹೊಲೀಲಿ?"

ಒಳಗೆ ಏನೋ ಅಲುಗಾಡಿತು. ನಾನಂತೂ ದಾರಿಯುದ್ದಕ್ಕೂ ಹೆಸರುಗಳನ್ನು ಯೋಚಿಸಿಕೊಂಡೇ ಬಂದಿದ್ದೆ, ಮೂರ್ನಾಲ್ಕು ಚಂದದ್ದು. ಹೇಳಲು ಬಾಯಿ ತೆರೆದೆ. ಅಮ್ಮ ಕೈಯೆತ್ತಿ, "ನಿನ್ನ ಕೇಳ್ಲಿಲ್ಲ" ಅಂದಳು. ಆಗ ನನಗೆ ಹೊಳೆಯಿತು. ಭಾನುವಾರದಿಂದ ಮನೆ ಶಾಲೆ ಅಂಗಡಿ ಎಲ್ಲ ಕಡೆ ಹಾರಾಡಿದವಳು ನಾನು, ಹೆತ್ತವಳನ್ನು ಮಾತ್ರ ಇದೊಂದು ಮಾತು ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

ಚಿಲಕ ಸರಿಯಿತು. ತಂಗಿ ಹೊರಗೆ ಬಂದಳು. ಕೂದಲು ಕೆದರಿತ್ತು, ಕಣ್ಣು ಊದಿತ್ತು. ಹೆಸರು ಹೇಳಿದಳು. ತಡವರಿಸಲಿಲ್ಲ, ಯೋಚಿಸಲಿಲ್ಲ. ಬಸುರಿಯಾದ ದಿನದಿಂದಲೂ ಬಾಯಲ್ಲೇ ಇಟ್ಟುಕೊಂಡಿದ್ದವಳ ಹಾಗೆ ಹೇಳಿದಳು. ಕುರ್ಚಿಯಲ್ಲಿದ್ದ ಗಂಡ ಮುಖ ಮುಚ್ಚಿಕೊಂಡ. ಅವನಿಗೆ ಗೊತ್ತಿತ್ತು. ಇಬ್ಬರೂ ಸೇರಿ ಇಟ್ಟ ಹೆಸರು. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಅದು ಹೊದಿಕೆಯ ಮೇಲಿದೆ, ಬೇಕಾದವರು ಮನೆಗೆ ಬಂದು ಓದಲಿ.

ಅಮ್ಮ ಸೂಜಿ ಹಿಡಿದಳು. ತಂಗಿ ಅದನ್ನು ಕಿತ್ತುಕೊಂಡಳು.

"ಕೊಡಮ್ಮಾ ಇಲ್ಲಿ. ನಾನೇ ಹೊಲೀತೀನಿ."

"ನಿನಗೆ ಗುಂಡಿ ಹಾಕೋಕೂ ಬರಲ್ವಲ್ಲೇ!"

"ಬರ್ದಿದ್ರೆ ಬೇಡ. ಯಾರೂ ಕೈ ಹಾಕ್ಕೂಡದು."

ಟೈಲರಿನ ಮನೆಯಲ್ಲಿ ಹುಟ್ಟಿ ಸೂಜಿಯನ್ನು ಕಡ್ಡಿ ಹಿಡಿದ ಹಾಗೆ ಹಿಡಿಯುವವಳು ಅವಳೊಬ್ಬಳೇ. ಚುಚ್ಚಿಕೊಂಡಳು, ಬೈದಳು, ಗಂಟು ಹಾಕಿಕೊಂಡಳು, ಮತ್ತೆ ಚುಚ್ಚಿಕೊಂಡಳು. ಗಂಡ ಮೊಬೈಲಿನ ಬೆಳಕು ಹಿಡಿದು ನಿಂತ. ಮೊದಲ ಅಕ್ಷರ ಮೇಲಕ್ಕೆ ಹೋಯಿತು, ಕೊನೆಯದು ಕೆಳಕ್ಕೆ ಇಳಿಯಿತು. ಚೌಕವನ್ನು ಜಾಗಕ್ಕೆ ಕೂಡಿಸುವಾಗ ಒಂದು ಮೂಲೆ ಸುಕ್ಕಾಯಿತು. ಅಮ್ಮನ ಅಂಗಡಿಯಿಂದ ಸೊಟ್ಟ ಹೊಲಿಗೆ ಇವತ್ತಿನವರೆಗೆ ಹೊರಗೆ ಹೋಗಿಲ್ಲ. ಗಿರಾಕಿ ಬಾಗಿಲಲ್ಲಿ ಕಾದು ನಿಂತಿದ್ದರೂ ಬಿಚ್ಚಿ ಮತ್ತೆ ಹೊಲಿಯುವವಳು. ಅವಳ ಕೈ ತಾನಾಗಿ ಹೊಲಿಗೆ ಬಿಚ್ಚುವ ಕೊಕ್ಕೆಯ ಕಡೆ ಹೋದದ್ದನ್ನು ನಾನು ಕಂಡೆ. ಹೋದ ಕೈ ಕೊಕ್ಕೆಯನ್ನು ಎತ್ತಿಕೊಂಡಿತು. ಡಬ್ಬಿಯೊಳಗೆ ಹಾಕಿ ಮುಚ್ಚಳ ಒತ್ತಿತು.

ಮುಂದಿನ ವಾರ ದೊಡ್ಡಮ್ಮ ಬಂದಳು. ಪುಟ್ಟಿಗೆ ಜ್ವರ ಬಿಟ್ಟಿತ್ತು, ಆದರೆ ಹೊದಿಕೆ ಬಿಡುವ ಮನಸ್ಸಿರಲಿಲ್ಲ. ಅಮ್ಮನ ಮನೆಯ ಸೋಫಾದಲ್ಲಿ ಉದ್ದಕ್ಕೆ ಮಲಗಿ ಹೆಸರುಗಳನ್ನು ಓದುತ್ತಿದ್ದಳು. ಮೇಲಿನ ಸಾಲಿನಲ್ಲಿ ತನ್ನ ಹೆಸರು ಬಂದಾಗ ದೊಡ್ಡಮ್ಮ ಎಂದಿನಂತೆ "ಹಾಜರ್" ಅಂದು ನಕ್ಕಳು. ನಡುವಿನ ಸಾಲು ಮುಗಿಯಿತು. ಕೆಳಗಿನ ಸಾಲು. ಕೊನೆಗೆ ಆ ಹೆಸರು. ಪುಟ್ಟಿ ಎಲ್ಲೂ ನಿಲ್ಲಿಸಲಿಲ್ಲ, ಉಳಿದ ಹೆಸರುಗಳ ಹಾಗೇ ಓದಿದಳು.

ದೊಡ್ಡಮ್ಮನ ಕೈಯಲ್ಲಿದ್ದ ಟೀ ಲೋಟ ಗಾಳಿಯಲ್ಲೇ ನಿಂತಿತು. "ಇದ್ಯಾರೇ ಹೊಸಬರು?"

ಅಮ್ಮ ನನ್ನ ಮುಖ ನೋಡಿದಳು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಹಿಂದಿನ ಕೋಣೆಯಿಂದ ತಂಗಿ ಬಂದಳು. ಕೌಂಟರಿನ ಸಮವಸ್ತ್ರ ತೊಟ್ಟಿದ್ದಳು. ಅವತ್ತು ಕೆಲಸಕ್ಕೆ ವಾಪಸು ಹೊರಟ ಮೊದಲ ದಿನ.

"ನನ್ನ ಮಗಳು ದೊಡ್ಡಮ್ಮಾ."

"ಅಯ್ಯೋ, ಬೇಡ ಅಂದಿದ್ದೆನಲ್ಲೇ..." ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿದಳು. "ಹೊಲಿಗೆ ಬೇರೆ ಸೊಟ್ಟ."

"ಸೊಟ್ಟನೇ. ನಾನು ಹೊಲಿದದ್ದು. ಹಾಗೇ ಇರತ್ತೆ."

"ಅಲ್ವೇ, ಕೌಂಟರಲ್ಲಿ ಕೂರ್ತೀಯ, ಹತ್ತಾರು ಜನ ಬರ್ತಾರೆ. ಬಸುರಿಯಾಗಿ ಹೋದದ್ದನ್ನ ಎಲ್ಲರೂ ನೋಡಿದ್ದಾರೆ. ಯಾವ ಮಗು, ಏನು ಕಥೆ ಅಂತ ಯಾರಾದ್ರೂ ಕೇಳಿದ್ರೆ ಏನಂತೀಯ?"

ತಂಗಿ ಚಪ್ಪಲಿಗೆ ಕಾಲು ತೂರಿಸಿದಳು. ಊಟದ ಡಬ್ಬಿ ಎತ್ತಿಕೊಂಡಳು. ಸೋಫಾದ ಹತ್ತಿರ ಬಂದು, ಪುಟ್ಟಿಯ ಕಾಲಿನಿಂದ ಜಾರಿದ್ದ ಹೊದಿಕೆಯ ಹಳದಿ ಮೂಲೆಯನ್ನು ಎಳೆದು ಸರಿಯಾಗಿ ಹೊದಿಸಿದಳು.

"ಹೆಣ್ಣು ಅಂತೀನಿ. ಒಂದು ಮಧ್ಯಾಹ್ನ ಇದ್ಲು ಅಂತೀನಿ. ಹೆಸರು ಕೇಳಿದ್ರೆ ಹೆಸರು ಹೇಳ್ತೀನಿ."

ಅಷ್ಟು ಹೇಳಿ ಬಾಗಿಲು ಎಳೆದುಕೊಂಡು ಹೋದಳು. ದೊಡ್ಡಮ್ಮ ಲೋಟ ಕೆಳಗಿಟ್ಟು, ಪುಟ್ಟಿಯ ಕಾಲ ಬಳಿ ಜರುಗಿ ಕೂತು, "ಇನ್ನೊಂದ್ಸಲ ಓದೇ ಪುಟ್ಟಿ, ಕೊನೇದು ನನಗೆ ಸರಿಯಾಗಿ ಕೇಳಿಸ್ಲಿಲ್ಲ" ಅಂದಳು. ಪುಟ್ಟಿ ಮೊದಲ ಸಾಲಿನಿಂದ ಮತ್ತೆ ಶುರುಮಾಡಿದಳು.